ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಹುಡುಗ ಹುಡುಗಿಯರಿಗೆ

ಹೋದ ತಿಂಗಳು ಒಂದು ಸಭೆಯ ಬಾಗಿಲಲ್ಲಿ ನಿಂತು ಈ ಪತ್ರಿಕೆ ಮಾರುತ್ತಿದ್ದೆವು. ಇಪ್ಪತ್ತು ಇಪ್ಪತ್ತೊಂದು ವಯಸ್ಸಿನ ಹುಡುಗನೊಬ್ಬ ಬಂದ. ಹೆಗಲಿಗೆ ಕಾಲೇಜು ಬ್ಯಾಗು, ಇಸ್ತ್ರಿ ಮಾಡಿದ ಅಂಗಿ. ದುಡ್ಡು ಕೊಟ್ಟು ಪತ್ರಿಕೆ ತಗೊಂಡ. ಮುಖಪುಟದ ಬಾಬಾಸಾಹೇಬರ ಚಿತ್ರ ಒಳಗಾಗುವ ಹಾಗೆ ತಿರುವಿ ಮಡಿಸಿದ. ನೋಟ್ಸ್ ಪುಸ್ತಕದ ನಡುವೆ ತೂರಿಸಿ ಬ್ಯಾಗಿನ ಜಿಪ್ ಎಳೆದ. "ಯಾಕಪ್ಪಾ, ಬಿಸಿಲಿಗೆ ಬಾಡಿಹೋಗುತ್ತಾ?" ಅಂತ ತಮಾಷೆಗೆ ಕೇಳಿದೆವು. ಅವನು ನಗಲಿಲ್ಲ. "ರೂಮಲ್ಲಿ ಗೊತ್ತಿಲ್ಲ ಸಾರ್" ಅಂದ.

ಯಾರಿಗೆ ಏನು ಗೊತ್ತಿಲ್ಲ? ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಪೈಕಿ ಕಾಲೇಜು ಕಂಡವರಿಗೆಲ್ಲ ಆ ಮಾತಿನ ಅರ್ಥ ಗೊತ್ತು. ಭೂಮಿ, ಕೂಲಿ, ದೌರ್ಜನ್ಯ, ಮೀಸಲಾತಿ ಇವುಗಳ ಬಗ್ಗೆ ಈ ಪುಟದಲ್ಲಿ ಎಷ್ಟೋ ಸಲ ಬರೆದಿದ್ದೇವೆ. ಇಪ್ಪತ್ತರ ಹರೆಯದ ನಮ್ಮ ಮಕ್ಕಳ ಎದೆಯೊಳಗೆ ಏನು ನಡೆಯುತ್ತೆ ಅನ್ನೋದನ್ನ ಒಂದು ಸಲವೂ ಬರೆದಿಲ್ಲ. ಅದು ಅವರವರ ಸ್ವಂತ ವಿಷಯ, ಚಳವಳಿಗೆ ಸಂಬಂಧಪಟ್ಟದ್ದಲ್ಲ ಅಂದುಕೊಂಡಿದ್ದೆವು. ಅದು ನಮ್ಮ ತಪ್ಪು. ಈ ಸಲ ಅದನ್ನೇ ಬರೆಯುತ್ತೇವೆ.

ಉಳ್ಳವರ ಮಕ್ಕಳಿಗೆ ಇಪ್ಪತ್ತು ವಯಸ್ಸು ಅಂದರೆ ಮನೆಯ ನೆರಳಿಂದ ಹೊರಗೆ ಬಂದು ಲೋಕ ನೋಡುವ ಕಾಲ. ಎಡವಿದರೆ ಹಿಡಿಯುವುದಕ್ಕೆ ಹಿಂದೆ ಅಪ್ಪ ಇದ್ದಾನೆ, ಸೋದರಮಾವ ಇದ್ದಾನೆ, ಒಂದು ಸೈಟು ಇದೆ, ಒಂದು ಶಿಫಾರಸು ಇದೆ. ಕೇರಿಯಿಂದ ಹೋದ ಹುಡುಗನಿಗೆ ಹಿಂದೆ ಏನಿದೆ? ಸ್ತ್ರೀಶಕ್ತಿ ಸಂಘದಲ್ಲಿ ಅವ್ವ ಎತ್ತಿದ ಸಾಲ ಇದೆ. ಗಾರೆ ಕೆಲಸದಲ್ಲಿ ಅಪ್ಪನ ಸೊಂಟ ಹೋಗಿದೆ. ಅಣ್ಣ ಓದು ಬಿಟ್ಟು ಬೆಂಗಳೂರಿನ ಗಾರ್ಮೆಂಟಿನಲ್ಲೋ ಗೋಡೌನಿನಲ್ಲೋ ದುಡಿದು ತಿಂಗಳಿಗಿಷ್ಟು ಕಳಿಸುತ್ತಾನೆ. ಇಷ್ಟು ಜನರನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನು ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂರುತ್ತಾನೆ. ಒಂದು ಪೇಪರು ಫೇಲಾದರೆ ಫೇಲಾಗುವುದು ಅವನೊಬ್ಬನೇ ಅಲ್ಲ. ಅದಕ್ಕೇ ನಮ್ಮ ಮಕ್ಕಳು ಬೇಗ ನಗುವುದಿಲ್ಲ. ಮೇಷ್ಟ್ರುಗಳು ಅದನ್ನು 'ಆಸಕ್ತಿ ಇಲ್ಲ' ಅಂತ ಬರೆದುಕೊಳ್ಳುತ್ತಾರೆ.

ಇದರ ಜೊತೆಗೆ ಪ್ರಶ್ನೆಗಳು. ಈಗಿನ ಕಾಲದಲ್ಲಿ ಯಾರು ಸ್ವಾಮಿ ಜಾತಿ ಕೇಳ್ತಾರೆ ಅನ್ನುವವರಿದ್ದಾರೆ. ನಿಜ, ನೇರವಾಗಿ ಕೇಳುವುದಿಲ್ಲ. "ಯಾವೂರು?" ಅಂತ ಶುರು ಮಾಡುತ್ತಾರೆ. "ಓ, ಆ ಊರಾ, ಅಲ್ಲಿ ಯಾರ ಮನೆ ಪಕ್ಕ?" ಅಂತ ಮುಂದುವರೆಸುತ್ತಾರೆ. ಅಪ್ಪನ ಹೆಸರು ಕೇಳುತ್ತಾರೆ, ಮನೆದೇವರು ಕೇಳುತ್ತಾರೆ. ರೂಮು ಬಾಡಿಗೆಗೆ ಹೋದರೆ "ವೆಜ್ಜಾ ನಾನ್‌ವೆಜ್ಜಾ?" ಅನ್ನುತ್ತಾರೆ. ಸೀಟು ಸಿಕ್ಕಿದರೆ "ರ‍್ಯಾಂಕ್ ಎಷ್ಟು?" ಅಂತ ಕೇಳಿ, ಕ್ಯಾಟಗರಿಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳುತ್ತಾರೆ. ಸ್ಕಾಲರ್‌ಶಿಪ್ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಬೋರ್ಡಿಗೆ ಅಂಟಿಸುತ್ತಾರೆ, ಇಲ್ಲವೇ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಒಬ್ಬರೂ ಜಾತಿ ಕೇಳಲಿಲ್ಲ, ಎಲ್ಲರಿಗೂ ಜಾತಿ ಗೊತ್ತಾಯಿತು.

ಇಂಥ ಕಡೆ ನಮ್ಮ ಹುಡುಗ ಏನು ಮಾಡುತ್ತಾನೆ? ಮೊದಲು ಭಾಷೆ ಬದಲಾಯಿಸುತ್ತಾನೆ. ಆಮೇಲೆ ಊಟ ಬದಲಾಯಿಸುತ್ತಾನೆ. ಭಾನುವಾರ ಯಾಕೆ ಊರಿಗೆ ಹೋಗಲ್ಲ ಅನ್ನುವುದಕ್ಕೆ ಒಂದು ಕತೆ ಕಟ್ಟುತ್ತಾನೆ. ಮೀಸಲಾತಿಯ ಬಗ್ಗೆ ಗೆಳೆಯರು ಜೋಕು ಹೊಡೆದರೆ ಎಲ್ಲರಿಗಿಂತ ಜೋರಾಗಿ ನಗುತ್ತಾನೆ. ರಾತ್ರಿ ಲೈಟು ಆರಿದ ಮೇಲೆ ಆ ನಗು ಅವನ ಗಂಟಲಲ್ಲಿ ಸಿಕ್ಕಿಕೊಂಡಿರುತ್ತೆ.

ಇದನ್ನೆಲ್ಲ ನಾವು ಎತ್ತರದಲ್ಲಿ ಕೂತು ಹೇಳುತ್ತಿಲ್ಲ. ಈ ಪತ್ರಿಕೆ ತರುವವರಲ್ಲಿ ಒಬ್ಬರು ಕಾಲೇಜಿನಲ್ಲಿದ್ದಾಗ ಅವರ ಅವ್ವ ಹೇಳದೆ ಕೇಳದೆ ಹಾಸ್ಟೆಲ್ ಬಾಗಿಲಿಗೆ ಬಂದಿದ್ದಳು. ಫೀಸಿಗೆ ಅಂತ ಸೆರಗಿನ ಗಂಟಲ್ಲಿ ದುಡ್ಡು, ಬಟ್ಟೆಯಲ್ಲಿ ಕಟ್ಟಿದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಪಕ್ಕದಲ್ಲಿ ಕ್ಲಾಸಿನ ಗೆಳೆಯರು ನಿಂತಿದ್ದರು. "ಯಾರೋ ಇವ್ರು?" ಅಂದರು. "ನಮ್ಮೂರಿನವ್ರು" ಅಂದುಬಿಟ್ಟರು ಇವರು. ಅವ್ವ ಒಂದು ಗಳಿಗೆ ಮಗನ ಮುಖ ನೋಡಿದಳು. ಆಮೇಲೆ ಅವಳೇ "ಹೂಂ ಕಣಪ್ಪಾ, ನಿಮ್ಮವ್ವ ಕೊಟ್ಟವ್ಳೆ" ಅಂತ ಗಂಟು ಕೊಟ್ಟು ಬಸ್ಸಿಗೆ ಹೊರಟಳು. ಮಗನ ಸುಳ್ಳನ್ನು ನಿಲ್ಲಿಸಿಕೊಡುವುದಕ್ಕೆ ತನ್ನ ತಾಯ್ತನವನ್ನೇ ಬಿಟ್ಟುಕೊಟ್ಟಳು. ಆಕೆ ಈಗ ಇಲ್ಲ. ಬದುಕಿದ್ದಷ್ಟು ದಿನ ಆ ಮಾತು ಎತ್ತಲಿಲ್ಲ. ಮಗ ಇವತ್ತಿಗೂ ವೇದಿಕೆ ಮೇಲೆ 'ಸ್ವಾಭಿಮಾನ' ಅನ್ನುವ ಪದ ಬಂದಾಗ ಒಂದು ಕ್ಷಣ ತಡೆಯುತ್ತಾರೆ.

ಹಾಗಾದರೆ ಬಚ್ಚಿಟ್ಟುಕೊಂಡವನು ದ್ರೋಹಿಯೇ? ಅಲ್ಲ. ಈ ಮಾತನ್ನು ಒತ್ತಿ ಹೇಳುತ್ತೇವೆ. ಯಾಕೆಂದರೆ ಬಾಬಾಸಾಹೇಬರೂ ಒಂದು ಕಾಲಕ್ಕೆ ಬಚ್ಚಿಟ್ಟುಕೊಳ್ಳಬೇಕಾಯಿತು.

1913ರಲ್ಲಿ, ಇಪ್ಪತ್ತೆರಡು ವಯಸ್ಸಿನಲ್ಲಿ, ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಆ ವರ್ಷದ ಆರಂಭದಲ್ಲಷ್ಟೇ ತಂದೆ ತೀರಿಕೊಂಡಿದ್ದರು. ಅಲ್ಲಿ ಎಲ್ಲರ ಜೊತೆ ಕೂತು ಉಂಡರು, ಎಲ್ಲರ ಜೊತೆ ಓದಿದರು. 1915ರಲ್ಲಿ ಎಂ.ಎ. ಮುಗಿಸಿದರು. ಆಮೇಲೆ ಲಂಡನ್. 1917ರಲ್ಲಿ ದೇಶಕ್ಕೆ ಮರಳಿ, ವಿದ್ಯಾರ್ಥಿವೇತನದ ಒಪ್ಪಂದದಂತೆ ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಇಪ್ಪತ್ತಾರು. ಅಷ್ಟು ಓದಿದವರಿಗೆ ಆ ಊರಿನಲ್ಲಿ ತಂಗಲು ಜಾಗವಿಲ್ಲ! ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ, ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ, ಜಾಗ ಹಿಡಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಬಂದು ಸುತ್ತುವರಿದರು. ಸಂಜೆಯೊಳಗೆ ಖಾಲಿ ಮಾಡು ಅಂದರು. ಅವರು ಇಬ್ಬರು ಗೆಳೆಯರನ್ನು ನೆನೆದರು. ಹಿಂದೂ ಗೆಳೆಯ, ನೀನು ಬಂದರೆ ಮನೆಯ ಆಳುಗಳು ಹೊರಟುಹೋಗುತ್ತಾರೆ ಅಂದ. ಕ್ರೈಸ್ತ ಗೆಳೆಯ, ಹೆಂಡತಿಯನ್ನು ಕೇಳಬೇಕು ಅಂದ. ಬಾಬಾಸಾಹೇಬರು ಊರಿನ ಉದ್ಯಾನದಲ್ಲಿ ಗಂಟೆಗಟ್ಟಲೆ ಕೂತು ಕಣ್ಣೀರಿಟ್ಟು ರಾತ್ರಿಯ ರೈಲಿಗೆ ಮುಂಬೈಗೆ ಹೊರಟರು.

ಈ ಕತೆ ನಮಗೆ ಹೇಗೆ ಗೊತ್ತು? ಯಾವ ಪತ್ತೇದಾರನೂ ಕಂಡುಹಿಡಿದದ್ದಲ್ಲ. ಅವರೇ ಬರೆದಿಟ್ಟರು. ಸುಳ್ಳು ಹೆಸರು ಬರೆಸಿದ್ದನ್ನು, ಅತ್ತದ್ದನ್ನು, ಯಾವುದನ್ನೂ ಮುಚ್ಚದೆ ಬರೆದರು. ಗೆಳೆಯರೇ, ಇಲ್ಲಿ ನಿಂತು ಸ್ವಲ್ಪ ಯೋಚನೆ ಮಾಡಿ. ಬಚ್ಚಿಟ್ಟುಕೊಳ್ಳುವ ಹಾಗೆ ಮಾಡಿದ್ದು ಆ ಊರು. ಹೊರಗೆ ಹೇಳಿಕೊಂಡದ್ದು ಅವರು. ಬಚ್ಚಿಟ್ಟಾಗ ಇದ್ದ ನಾಚಿಕೆ, ಹೇಳಿಕೊಂಡ ಮೇಲೆ ಅವರದ್ದಾಗಿ ಉಳಿಯಲಿಲ್ಲ, ಆ ಊರಿನದ್ದಾಯಿತು. ತನ್ನನ್ನು ತಾನು ಕಂಡುಕೊಳ್ಳುವುದು ಅಂತ ಈಗಿನ ಹುಡುಗರು ಹೇಳುತ್ತಾರಲ್ಲ, ನಮ್ಮ ಪಾಲಿಗೆ ಅದರ ಅರ್ಥ ಇದು. ನಾಚಿಕೆ ಯಾರದೋ ಅವರ ಬಾಗಿಲಿಗೆ ಅದನ್ನು ವಾಪಸ್ಸು ಮುಟ್ಟಿಸುವುದು.

ನಮ್ಮ ನಾಡಿನಲ್ಲೂ ಇದು ನಡೆದಿದೆ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ಊರೂರು ಹೊತ್ತಿ ಉರಿಯಿತು. ಹಾಸ್ಟೆಲುಗಳ ಮೇಲೆ, ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿತ್ತು. ಮಂತ್ರಿಗಳು ಪದವಿ ಬಿಡಬೇಕಾಯಿತು. ಅಲ್ಲಿಯವರೆಗೆ ತಲೆ ತಗ್ಗಿಸಿ ಓದಿ ನೌಕರಿ ಹಿಡಿದು ಮರೆಯಾಗಬೇಕು ಅಂದುಕೊಂಡಿದ್ದ ಹಾಸ್ಟೆಲ್ ಹುಡುಗರಿಗೆ ಒಂದು ವಿಷಯ ತಿಳಿಯಿತು. ತಲೆ ತಗ್ಗಿಸಿದ್ದರೂ ಏಟು ತಪ್ಪುವುದಿಲ್ಲ. ಆ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಲು ಕೈ ಹಾಕಿದರು. 1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಸಂಕಲನ ಬಂತು. ಅವರಿಗಾಗ ಇಪ್ಪತ್ತೊಂದು. ಪುಸ್ತಕದ ಹೆಸರು 'ಹೊಲೆಮಾದಿಗರ ಹಾಡು'. ಯಾವ ಎರಡು ಪದ ಕಿವಿಗೆ ಬಿದ್ದರೆ ನಮ್ಮವರು ಕುಗ್ಗುತ್ತಿದ್ದರೋ ಆ ಎರಡು ಪದವನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರು. ಅವರು 2021ರಲ್ಲಿ ತೀರಿಕೊಂಡರು. ಆ ರಟ್ಟು ಇನ್ನೂ ಇದೆ. ಅವರು ಹಾಸ್ಟೆಲಿನ ದಿನಗಳನ್ನು 'ಊರುಕೇರಿ'ಯಲ್ಲಿ ನಗುನಗುತ್ತಾ ಹೇಳಿದ್ದಾರೆ, ಓದದವರು ಓದಿ.

ಇನ್ನು ಪ್ರೀತಿಯ ವಿಷಯ. ಹಿಂದೆ ನಮ್ಮ ಸಭೆಗಳಲ್ಲಿ ಹುಡುಗರು ಪ್ರೇಮದ ಮಾತೆತ್ತಿದರೆ, "ಮೊದಲು ಕ್ರಾಂತಿ, ಆಮೇಲೆ ಅದೆಲ್ಲ" ಅಂತ ಬಾಯಿ ಮುಚ್ಚಿಸುತ್ತಿದ್ದೆವು. ಕ್ರಾಂತಿ ಆಗಲಿಲ್ಲ, ಪ್ರೇಮ ಕಾಯಲಿಲ್ಲ. ಹುಡುಗರು ನಮ್ಮನ್ನು ಕೇಳದೆ ಪ್ರೀತಿಸಿದರು, ನಮಗೆ ಹೇಳದೆ ಪೆಟ್ಟು ತಿಂದರು.

ಕಾಲೇಜಿನಲ್ಲಿ ಹುಟ್ಟುವ ಸ್ನೇಹಕ್ಕೆ ಜಾತಿ ಇಲ್ಲ ಅಂತಾರೆ. ಹುಟ್ಟುವಾಗ ಇಲ್ಲ, ಸರಿ. ಕ್ಯಾಂಟೀನಿನಲ್ಲಿ ಒಂದೇ ಲೋಟದಲ್ಲಿ ಟೀ ಕುಡಿಯುವ ತನಕವೂ ಇಲ್ಲ. ಹಬ್ಬಕ್ಕೆ ಊರಿಗೆ ಕರೆಯಬೇಕಾಗಿ ಬಂದಾಗ ಅದು ಮೆಲ್ಲಗೆ ತಲೆ ಎತ್ತುತ್ತೆ. "ನಮ್ಮಜ್ಜಿ ಸ್ವಲ್ಪ ಹಳೇ ಕಾಲದವಳು ಕಣೋ, ತಪ್ಪು ತಿಳೀಬೇಡ" ಅನ್ನುವ ಮಾತು ನಮ್ಮಲ್ಲಿ ಎಷ್ಟು ಜನ ಕೇಳಿಲ್ಲ? ಪಾಪ, ದೇಶದ ಜಾತಿಯನ್ನೆಲ್ಲ ಆ ಅಜ್ಜಿಯೊಬ್ಬಳ ತಲೆಗೆ ಕಟ್ಟಿಬಿಟ್ಟಿದ್ದಾರೆ.

"ನಿನಗೋಸ್ಕರ ಪ್ರಾಣ ಕೊಡ್ತೀನಿ" ಅನ್ನುವ ಪ್ರೀತಿ ನಮಗೆ ಬೇಡ. ಪ್ರಾಣ ಯಾರೂ ಕೇಳಿಲ್ಲ. ನಮ್ಮ ಹಟ್ಟಿಗೆ ಹಗಲು ಹೊತ್ತಿನಲ್ಲಿ ಬರುತ್ತೀಯಾ? ನಮ್ಮವ್ವ ಬಡಿಸಿದ್ದನ್ನು ಉಣ್ಣುತ್ತೀಯಾ? ನಿಮ್ಮ ಮನೆಯಲ್ಲಿ ನನ್ನ ಹೆಸರನ್ನೂ ನನ್ನ ಕೇರಿಯನ್ನೂ ನಿನ್ನ ಬಾಯಿಂದಲೇ ಹೇಳುತ್ತೀಯಾ? ಇಷ್ಟು ಕೇಳಿ ನೋಡಿ. "ಹೇಳ್ತೀನಿ, ಆದ್ರೆ ಈಗ್ಲೇ ಬೇಡ" ಅನ್ನುವ ಉತ್ತರ ವರ್ಷ ಎರಡು ವರ್ಷ ಎಳೆದರೆ, ತಂಗೀ, ತಮ್ಮಾ, ಆ ಉತ್ತರದ ಅರ್ಥವನ್ನು ನೀವೇ ಓದಿಕೊಳ್ಳಿ. ಹಾಗಂತ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬರೋಡಾದಲ್ಲಿ ಬಾಬಾಸಾಹೇಬರನ್ನು ದೊಣ್ಣೆ ಹಿಡಿದು ಓಡಿಸಿದವರು ಪಾರ್ಸಿಗಳು. ಕೊಲಂಬಿಯಾದಲ್ಲಿ ಅವರ ಜೊತೆ ಓದಿ, ಮುಂದೆ 1920ರಲ್ಲಿ ಅವರು ಮತ್ತೆ ಲಂಡನ್ನಿಗೆ ಹೊರಟಾಗ ಕೈಗೆ ಸಾಲ ಕೊಟ್ಟ ಗೆಳೆಯ ನವಲ್ ಭತೇನಾ, ಆತನೂ ಪಾರ್ಸಿ. ಗೆಳೆತನವನ್ನು ಹುಟ್ಟಿನಿಂದ ಅಳೆಯುವುದು ಅವರ ಶಾಸ್ತ್ರ, ನಮ್ಮದಲ್ಲ. ಕಷ್ಟದ ದಿನ ಯಾರು ಬಾಗಿಲು ತೆರೆದರು ಅನ್ನೋದೇ ನಮ್ಮ ಅಳತೆ.

ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲದವರು ಕರೆದು ಆಮೇಲೆ ಬೇಡವೆಂದ ಭಾಷಣವನ್ನು ಬಾಬಾಸಾಹೇಬರು 1936ರಲ್ಲಿ ತಾವೇ ಅಚ್ಚು ಹಾಕಿಸಿದರು. 'ಜಾತಿ ವಿನಾಶ' ಅಂತ ನಾವು ಓದುವುದು ಅದನ್ನೇ. ಜಾತಿ ಒಡೆಯಲು ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಅಂತ ಅದರಲ್ಲಿ ಹೇಳಿದ್ದಾರೆ. ಅದರ ಜೊತೆಗೇ, ಜನ ಯಾಕೆ ಹಾಗೆ ಮದುವೆ ಆಗುವುದಿಲ್ಲ ಅಂದರೆ ಅವರ ತಲೆಯಲ್ಲಿ ಶಾಸ್ತ್ರ ಕೂತಿದೆ, ಮೊದಲು ಅದು ಇಳಿಯಬೇಕು ಅಂತಲೂ ಹೇಳಿದ್ದಾರೆ. ನಮ್ಮ ಹುಡುಗರು ಮೊದಲ ಮಾತನ್ನು ಕಂಠಪಾಠ ಮಾಡಿ ಎರಡನೆಯದನ್ನು ಬಿಟ್ಟಿದ್ದಾರೆ. ಮೇಲ್ಜಾತಿಯ ಹುಡುಗಿ ಒಲಿದರೆ ಗೆದ್ದೆ ಅಂತ ಎದೆ ಉಬ್ಬಿಸುವುದು ಜಾತಿ ವಿನಾಶವಲ್ಲ. ಅದು ಅವರ ಏಣಿಯನ್ನೇ ಒಪ್ಪಿಕೊಂಡು ಹತ್ತಿದ ಹಾಗೆ. ಆ ಹುಡುಗಿಯೇನು ಕಪ್ಪೇ, ಪದಕವೇ?

ಮನಸ್ಸು ಕೂಡಿದವರು ಕಾನೂನು ತಿಳಿದಿರಬೇಕು. 1954ರ ವಿಶೇಷ ವಿವಾಹ ಕಾಯ್ದೆಯಡಿ ಹುಡುಗನಿಗೆ 21, ಹುಡುಗಿಗೆ 18 ತುಂಬಿದ್ದರೆ ಯಾವ ಜಾತಿ, ಯಾವ ಧರ್ಮದವರಾದರೂ ಮದುವೆ ಆಗಬಹುದು. ಅದರಲ್ಲಿ ಮೂವತ್ತು ದಿನದ ನೋಟೀಸು ಇದೆ, ಕಚೇರಿಯಲ್ಲಿ ಅಂಟಿಸುತ್ತಾರೆ. ಆ ಮೂವತ್ತು ದಿನ ಅಪಾಯದ ದಿನಗಳು ಅನ್ನೋದು ತಿಳಿದಿರಲಿ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಮನೆಯವರ ಒಪ್ಪಿಗೆಯೂ ಬೇಡ, ಕುಲದವರ ಒಪ್ಪಿಗೆಯೂ ಬೇಡ ಅಂತ ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲಿ ಶಕ್ತಿವಾಹಿನಿ ಮೊಕದ್ದಮೆಯಲ್ಲಿ ಹೇಳಿದೆ. ಅಂಥವರಿಗೆ ಪೊಲೀಸರು ರಕ್ಷಣೆ ಕೊಡಬೇಕು ಅಂತಲೂ ಹೇಳಿದೆ. ಆದರೆ ಕೋರ್ಟು ದೆಹಲಿಯಲ್ಲಿದೆ, ಮಚ್ಚು ಊರಲ್ಲೇ ಇದೆ. ಅದಕ್ಕೇ ಹೇಳುತ್ತೇವೆ, ರಾತ್ರೋರಾತ್ರಿ ಇಬ್ಬರೇ ಓಡಿಹೋಗಬೇಡಿ. ಡಿಗ್ರಿ ಮುಗಿಸಿ, ಕಾಲ ಮೇಲೆ ನಿಲ್ಲಿ. ನಂಬುವ ಹಿರಿಯರಿಗೆ, ವಕೀಲರಿಗೆ, ಸಂಘಟನೆಗೆ ಮೊದಲೇ ತಿಳಿಸಿ. ನೀವು ಎಲ್ಲಿದ್ದೀರಿ ಅನ್ನೋದು ನಾಲ್ಕು ಜನಕ್ಕೆ ಗೊತ್ತಿರಲಿ.

ಈಗ ನಮ್ಮ ಮುಖಕ್ಕೆ ನಾವೇ ಕನ್ನಡಿ ಹಿಡಿಯಬೇಕು. ಬಿ.ಎಡ್. ಓದುವ ಹೆಣ್ಣುಮಗಳೊಬ್ಬಳು ನಮ್ಮ ಸಭೆ ಮುಗಿದ ಮೇಲೆ ಬಂದು ಕೇಳಿದಳು: "ಅಣ್ಣಾ, ಸ್ವಾಗತಕ್ಕೆ ನಾನು, ಪ್ರಾರ್ಥನೆಗೆ ನನ್ನ ಗೆಳತಿ, ವಂದನಾರ್ಪಣೆಗೆ ಇನ್ನೊಬ್ಳು. ನಡುವಿನ ಎರಡೂವರೆ ಗಂಟೆ ಪೂರ್ತಿ ನೀವೇ ಮಾತಾಡ್ತೀರಲ್ಲ, ನಮಗೆ ಹೇಳೋಕೆ ಏನೂ ಇಲ್ವಾ?" ನಾವು ಉತ್ತರ ಕೊಡಲಿಲ್ಲ. ಇರಲಿಲ್ಲ.

ನಮ್ಮ ಹುಡುಗಿಯರ ಇಪ್ಪತ್ತನೇ ವಯಸ್ಸು ನಮ್ಮ ಹುಡುಗರದ್ದಕ್ಕಿಂತ ಬಿಗಿ. ಕಾಲೇಜಿನಲ್ಲಿ ಮೇಲ್ಜಾತಿಯ ಹುಡುಗ ಸಂಜೆ ಮೆಸೇಜು ಕಳಿಸುತ್ತಾನೆ, ಬೆಳಿಗ್ಗೆ ಗುರುತಿಲ್ಲದವನಂತೆ ಹೋಗುತ್ತಾನೆ. ಮನೆಗೆ ಬಂದರೆ ಅಣ್ಣ ಫೋನು ಕಿತ್ತುಕೊಳ್ಳುತ್ತಾನೆ. ಆ ಅಣ್ಣನ ಅಂಗಿಯ ಮೇಲೆ ನೀಲಿ ಬ್ಯಾಡ್ಜು ಇರುತ್ತೆ! ಚೌಕದಲ್ಲಿ ಮನುವಾದಕ್ಕೆ ಧಿಕ್ಕಾರ ಕೂಗಿ ಮನೆಯಲ್ಲಿ ತಂಗಿಗೆ ಮನುವಾಗುವವರು ನಮ್ಮೊಳಗೆ ಇದ್ದಾರೆ. 1942ರ ಜುಲೈನಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು, ಒಂದು ಸಮುದಾಯ ಎಷ್ಟು ಮುಂದೆ ಬಂದಿದೆ ಅನ್ನುವುದನ್ನು ಅದರ ಹೆಂಗಸರು ಎಷ್ಟು ಮುಂದೆ ಬಂದಿದ್ದಾರೆ ಅನ್ನುವುದರಿಂದ ಅಳೆಯುತ್ತೇನೆ ಅಂದರು. ಮದುವೆಗೆ ಆತುರ ಬೇಡ, ಮದುವೆಯಾದವಳು ಗಂಡನಿಗೆ ಸಮನಾದ ಗೆಳತಿಯಾಗಿ ನಿಲ್ಲಲಿ, ಗುಲಾಮಳಾಗಿ ಅಲ್ಲ ಅಂತ ಅಲ್ಲಿ ನೆರೆದ ಹೆಂಗಸರಿಗೇ ನೇರವಾಗಿ ಹೇಳಿದರು. ಆ ಅಳತೆಗೋಲು ಹಿಡಿದರೆ ನಮ್ಮ ಸಂಘಟನೆಯ ಎತ್ತರ ಎಷ್ಟು? ಲೆಕ್ಕ ನೀವೇ ಹಾಕಿ.

ಇನ್ನೊಂದು ಹುಣ್ಣು ಇದೆ, ಅದನ್ನೂ ಮುಟ್ಟುತ್ತೇವೆ. ಒಂದೇ ಹಾಸ್ಟೆಲು, ಒಂದೇ ಸಾರು, ಅಲ್ಲೂ ಎಡಗೈ ಬಲಗೈ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು, ರಾಜ್ಯಗಳು ಪರಿಶಿಷ್ಟ ಜಾತಿಯೊಳಗೆ ಒಳಮೀಸಲಾತಿ ಕೊಡಬಹುದು ಅಂತ ತೀರ್ಪು ಕೊಟ್ಟಿತು. ಹಿಂದುಳಿದವರಲ್ಲೇ ಹಿಂದುಳಿದವರಿಗೆ ಪಾಲು ಸಿಗಲಿ ಅನ್ನುವುದು ನ್ಯಾಯದ ಮಾತು, ಅದರ ಲೆಕ್ಕವನ್ನು ಎದುರುಬದುರು ಕೂತು ವಾದ ಮಾಡಿಯೇ ತೀರಿಸಿಕೊಳ್ಳೋಣ. ಆದರೆ ಆ ಜಗಳದಿಂದ ಎರಡು ವರ್ಷ ಒಂದೇ ರೂಮಿನಲ್ಲಿದ್ದ ಹುಡುಗರು ತಟ್ಟೆ ಬೇರೆ ಮಾಡಿಕೊಂಡದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಊರು ನಮಗೆ ತಟ್ಟೆ ಬೇರೆ ಮಾಡಿತ್ತು ಅಂತ ಅತ್ತವರು ನಾವು. ನಮ್ಮ ಕೈಯಿಂದಲೇ ಮತ್ತೆ ಬೇರೆ ಮಾಡುವುದೇ?

ಕೊನೆಗೆ, ಹೇಳುವುದಕ್ಕೆ ನಾಲಿಗೆ ಏಳದ ಮಾತು. 2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಜೀವ ಕಳಕೊಂಡ. ಅವನನ್ನೂ ಇನ್ನು ನಾಲ್ವರನ್ನೂ ಹಾಸ್ಟೆಲಿನಿಂದ ಹೊರಗೆ ಹಾಕಿದ್ದರು. ಅವನ ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ಬಂದಿರಲಿಲ್ಲ. ಹೊರಗೆ ಟೆಂಟು ಹಾಕಿ ಅದಕ್ಕೆ 'ವೆಲಿವಾಡ' ಅಂತ ಹೆಸರಿಟ್ಟುಕೊಂಡಿದ್ದರು. ತೆಲುಗಿನಲ್ಲಿ ಹಾಗಂದರೆ ನಮ್ಮ ಕೇರಿ. ಅವನಿಗೆ ಇಪ್ಪತ್ತಾರು ವಯಸ್ಸು. ಬರೋಡಾದ ಉದ್ಯಾನದಲ್ಲಿ ಕೂತಿದ್ದಾಗ ಬಾಬಾಸಾಹೇಬರಿಗೂ ಇಪ್ಪತ್ತಾರೇ. ನಡುವೆ ನೂರು ವರ್ಷ ಕಳೆದಿತ್ತು.

ಒಂದು ಮಾತು ನೆನಪಿಡಿ. ಆ ಸಂಜೆ ಬಾಬಾಸಾಹೇಬರ ಮುಂದೆಯೂ ಬೆಳಕೇನೂ ಇರಲಿಲ್ಲ. ಮುಂದೆ ಸಿಡೆನ್ಹ್ಯಾಮ್ ಕಾಲೇಜು, ಮಹಾಡ್, ಸಂವಿಧಾನ ಬರುತ್ತವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ರಾತ್ರಿಯ ರೈಲು ಹತ್ತಿದರು, ಅಷ್ಟೇ. ಕೆಲವು ದಿನ ಮಾಡಬೇಕಾದ ಕೆಲಸ ಅದೊಂದೇ. ಆ ರಾತ್ರಿ ದಾಟಿಕೊಳ್ಳುವುದು. ನಿಮಗೆ ಅಂಥ ರಾತ್ರಿ ಬಂದರೆ ಒಬ್ಬರೇ ಕೂರಬೇಡಿ. ಪಕ್ಕದ ರೂಮಿನ ಬಾಗಿಲು ತಟ್ಟಿ. ಊರಿಗೆ ಫೋನು ಮಾಡಿ. ಯಾರೂ ಸಿಗದಿದ್ದರೆ 14416ಕ್ಕೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಅತ್ತರೆ ಮಾನ ಹೋಗುವುದಿಲ್ಲ. ಅವರೂ ಅತ್ತರು, ಅದನ್ನು ಬರೆದೂ ಇಟ್ಟರು.

ಮತ್ತೆ ಸ್ಕಾಲರ್‌ಶಿಪ್ ಅಂದರೆ ತಲೆ ತಗ್ಗಿಸಬೇಡಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪರಿಶಿಷ್ಟರಿಗೆ ಶುರುವಾದದ್ದು 1944ರಲ್ಲಿ. ಆಗ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದರು. ಅದು ಹಕ್ಕಿನ ಬಾಬತ್ತು, ಭಿಕ್ಷೆಯಲ್ಲ. ಬರುವುದು ತಡವಾದರೆ ಒಬ್ಬೊಬ್ಬರೇ ಗುಮಾಸ್ತರ ಮುಂದೆ ಕೈ ಕಟ್ಟಿ ನಿಲ್ಲಬೇಡಿ, ಐವತ್ತು ಜನ ಒಟ್ಟಿಗೆ ಹೋಗಿ ನಿಲ್ಲಿ. ಗುಮಾಸ್ತರ ದನಿ ಹೇಗೆ ಮೆತ್ತಗಾಗುತ್ತೆ ನೋಡಿ.

ನಮ್ಮ ಸಂಘಟನೆಯ ಗೆಳೆಯರಿಗೂ ನಾಲ್ಕು ಕೆಲಸ ಹೇಳುತ್ತೇವೆ. ಜೂನ್ ಜುಲೈನಲ್ಲಿ ಹೊಸ ಮಕ್ಕಳು ಟ್ರಂಕು ಹೊತ್ತು ಬಂದಿಳಿಯುವಾಗ ಬಸ್‌ಸ್ಟ್ಯಾಂಡಿನಲ್ಲಿ ನಮ್ಮವರೊಬ್ಬರು ಇರಬೇಕು. ಪ್ರತಿ ಹಾಸ್ಟೆಲಿನಲ್ಲಿ ವಾರಕ್ಕೊಂದು ಸಂಜೆ ಭಾಷಣವಿಲ್ಲದೆ ಕೂರಬೇಕು, ಮಕ್ಕಳು ಮಾತಾಡಬೇಕು, ನಾವು ಕೇಳಬೇಕು. ಸಭೆಗಳಲ್ಲಿ ಆ ನಡುವಿನ ಎರಡೂವರೆ ಗಂಟೆಯಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಬಿಡಬೇಕು, ವಂದನಾರ್ಪಣೆಯನ್ನು ನಾವು ಮಾಡಬೇಕು. ವರ್ಷಕ್ಕೊಂದು ದಿನ ಅವ್ವ ಅಪ್ಪಂದಿರನ್ನು ಹಾಸ್ಟೆಲಿಗೆ ಕರೆಸಿ, ಅವರ ಮಕ್ಕಳ ಬಾಯಿಂದಲೇ "ಇವ್ರು ನಮ್ಮವ್ವ" ಅಂತ ಹೇಳಿಸಬೇಕು. ಈ ಕೊನೆಯದನ್ನು ಯಾರು ಸೇರಿಸಿದರು ಅಂತ ಹೇಳಬೇಕಾಗಿಲ್ಲ.

ಪತ್ರಿಕೆ ಮಡಿಸಿದ ಆ ಹುಡುಗನಿಗೆ ಅವತ್ತು ಏನೂ ಹೇಳಲಿಲ್ಲ. ಇವತ್ತು ಹೇಳುತ್ತೇವೆ. ತಮ್ಮಾ, ನಾಳೆಯೇ ರೂಮಿಗೆ ಹೋಗಿ ಕೂಗಿ ಹೇಳು ಅನ್ನುವುದಿಲ್ಲ. ಹಾಗೆ ಹೇಳುವುದು ನಮಗೆ ಸುಲಭ, ಆ ರೂಮಿನಲ್ಲಿ ಮಲಗುವವನು ನೀನು. ಒಬ್ಬನೇ ಹೇಳಿಕೊಳ್ಳುವುದಕ್ಕೆ ಗುಂಡಿಗೆ ಬೇಕು. ಹತ್ತು ಜನ ಜೊತೆಗಿದ್ದರೆ ಅದು ಸಾಧಾರಣ ಮಾತು. ಆ ಹತ್ತು ಜನರನ್ನು ನಿನ್ನ ಪಕ್ಕಕ್ಕೆ ತರುವುದು ನಮ್ಮ ಕೆಲಸ, ಇಷ್ಟು ವರ್ಷ ಅದನ್ನು ಸರಿಯಾಗಿ ಮಾಡಿಲ್ಲ. ನಿನ್ನ ಕಾಲೇಜಿನಲ್ಲೇ ಪತ್ರಿಕೆ ಮಡಿಸಿಟ್ಟುಕೊಂಡು ಓದುವವರು ಇನ್ನೂ ಇದ್ದಾರೆ, ಒಬ್ಬರಿಗೊಬ್ಬರು ಗೊತ್ತಿಲ್ಲ, ಅಷ್ಟೇ. ಅಲ್ಲಿಯವರೆಗೆ ಮಡಿಸಿಕೊಂಡೇ ಓದು. ಓದಿ ಆದ ಮೇಲೆ ಬಿಸಾಡಬೇಡ, ಇನ್ನೊಬ್ಬನ ಕೈಗೆ ದಾಟಿಸು.

ಮುಂದಿನ ಸಭೆಗೆ ಬಾ. ನಾವು ಬಾಗಿಲಲ್ಲೇ ಇರುತ್ತೇವೆ.

ಜೈ ಭೀಮ್.